ಏರುವ ಇಂಧನ ದರ ಮತ್ತು ಮನೆಯ ಸೌರವಿದ್ಯುತ್: ಲಾಭನಷ್ಟದ ಲೆಕ್ಕ

ಗೃಹಕೃತ್ಯದ ಖರ್ಚಿನಲ್ಲಿ ಇಂಧನದ ಹೊರೆ ಈಚಿನ ವರ್ಷಗಳಲ್ಲಿ ಹಲವು ದಿಕ್ಕುಗಳಿಂದ ಹೆಚ್ಚಿದೆ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಮಾರಾಟ ತೆರಿಗೆಯನ್ನು ಏರಿಸಿದ ಮೇಲೆ ಬೆಂಗಳೂರಿನಲ್ಲಿ ಪೆಟ್ರೋಲ್ ದರ ಲೀಟರಿಗೆ 102 ರೂಪಾಯಿ ದಾಟಿತು. 2025ರ ಏಪ್ರಿಲ್‌ನಲ್ಲಿ ಅಡುಗೆ ಅನಿಲದ ಸಿಲಿಂಡರ್ ಬೆಲೆ 50 ರೂಪಾಯಿ ಹೆಚ್ಚಿತು. ಅದೇ ತಿಂಗಳಿನಿಂದ ವಿದ್ಯುತ್ ಬಿಲ್ಲಿನ ಸ್ವರೂಪವೂ ಬದಲಾಯಿತು. ಈ ಹಿನ್ನೆಲೆಯಲ್ಲಿ ಮನೆಯ ತಾರಸಿಯ ಮೇಲೆ ಸೌರಫಲಕಗಳನ್ನು ಅಳವಡಿಸುವ ವಿಚಾರ ಮಧ್ಯಮ ವರ್ಗದ ಅನೇಕ ಕುಟುಂಬಗಳಲ್ಲಿ ಚರ್ಚೆಗೆ ಬಂದಿದೆ. ವ್ಯಾಪಾರಿಗಳು ಹಾಗೂ ಸಣ್ಣ ಉದ್ದಿಮೆದಾರರು ತಮ್ಮ ಅಂಗಡಿಯ ಬಂಡವಾಳವನ್ನು ಅಳೆಯುವ ಕ್ರಮದಲ್ಲಿಯೇ ಈ ಹೂಡಿಕೆಯನ್ನೂ ಅಳೆದು ನೋಡುವುದು ಉಚಿತ. ಸೌರಫಲಕದ ಆಯುಷ್ಯ 25 ವರ್ಷ. ಅಷ್ಟು ಕಾಲ ದರಗಳಾಗಲಿ ನಿಯಮಗಳಾಗಲಿ ಇದ್ದಂತೆಯೇ ಇರುವುದಿಲ್ಲ. ಆದುದರಿಂದ ಇಂದಿನ ಬಿಲ್ಲಿನ ಜೊತೆಗೆ ನಾಳೆಯ ಬಿಲ್ಲನ್ನೂ ಗಮನದಲ್ಲಿಟ್ಟು ನಿರ್ಧಾರ ಕೈಗೊಳ್ಳಬೇಕಾಗುತ್ತದೆ.

ಇಳುವರಿ ಎಷ್ಟು?

ಒಂದು ಕಿಲೋವ್ಯಾಟ್ ಸಾಮರ್ಥ್ಯದ ಸೌರಫಲಕಗಳಿಗೆ ನೆರಳಿಲ್ಲದ ಸುಮಾರು 100 ಚದರ ಅಡಿ ಜಾಗ ಬೇಕು. ಬೆಂಗಳೂರಿನ ಹವೆಯಲ್ಲಿ ಅದು ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್, ವರ್ಷಕ್ಕೆ 1,400 ಯೂನಿಟ್‌ನಷ್ಟು ವಿದ್ಯುತ್ ನೀಡುತ್ತದೆ. ಈ ಇಳುವರಿ ಎಲ್ಲ ತಿಂಗಳುಗಳಲ್ಲಿ ಒಂದೇ ಸಮನಾಗಿರುವುದಿಲ್ಲ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೆಚ್ಚು. ಜೂನ್‌ನಿಂದ ಮುಂಗಾರಿನ ಮೋಡ ಕವಿದಾಗ ಕಡಿಮೆ. ಕರಾವಳಿ ಮತ್ತು ಮಲೆನಾಡಿನಲ್ಲಿ ಮಳೆಗಾಲದ ಇಳಿಕೆ ಇನ್ನೂ ತೀವ್ರ. ಫಲಕದ ಶಕ್ತಿ ವರ್ಷವರ್ಷವೂ ಅಲ್ಪ ಪ್ರಮಾಣದಲ್ಲಿ ಕುಗ್ಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಸೇರಿಸಬೇಕು.

ಬಿಸಿಲು ಹೆಚ್ಚಿದಂತೆ ವಿದ್ಯುತ್ತೂ ಹೆಚ್ಚುತ್ತದೆ ಎಂಬ ಭಾವನೆ ಅರ್ಧ ಮಾತ್ರ ಸತ್ಯ. ಫಲಕಕ್ಕೆ ಬೇಕಾದದ್ದು ಬೆಳಕು; ಶಾಖವು ಅದಕ್ಕೆ ಬಾಧಕ. 25 ಡಿಗ್ರಿಗಿಂತ ಮೇಲೇರುವ ಒಂದೊಂದು ಡಿಗ್ರಿ ಸೆಲ್ಸಿಯಸ್‌ಗೂ ಉತ್ಪಾದನೆ ಶೇಕಡಾ 0.3ರಿಂದ 0.4ರಷ್ಟು ಕುಗ್ಗುತ್ತದೆ. ಫಲಕಗಳನ್ನು ತಾರಸಿಗೆ ಅಂಟಿಸಿದಂತೆ ಕೂರಿಸದೆ, ಕೆಳಗೆ ಗಾಳಿಯಾಡುವಂತೆ ಎತ್ತರಿಸಿ ನಿಲ್ಲಿಸುವುದು ಈ ಕಾರಣಕ್ಕಾಗಿಯೇ.

ಬಿಲ್ಲಿನ ಯಾವ ಭಾಗ ಉಳಿಯುತ್ತದೆ?

ವಿದ್ಯುತ್ ಬಿಲ್ಲಿನಲ್ಲಿ ಎರಡು ಮುಖ್ಯ ಭಾಗಗಳಿವೆ. ಮೊದಲನೆಯದು, ಬಳಸಿದ ಯೂನಿಟ್‌ಗಳ ಮೇಲಿನ ಶುಲ್ಕ. ಎರಡನೆಯದು, ಮಂಜೂರಾದ ಲೋಡ್‌ನ ಮೇಲೆ ಪ್ರತಿ ಕಿಲೋವ್ಯಾಟ್‌ಗೆ ವಿಧಿಸುವ ನಿಗದಿತ ಶುಲ್ಕ. ಸೌರವಿದ್ಯುತ್ ಮೊದಲನೆಯದನ್ನು ತಗ್ಗಿಸುತ್ತದೆ, ಎರಡನೆಯದನ್ನು ಮುಟ್ಟುವುದಿಲ್ಲ.

2025-26ನೇ ಸಾಲಿನ ದರ ಪರಿಷ್ಕರಣೆ ಇದಕ್ಕೆ ಉತ್ತಮ ನಿದರ್ಶನ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಗೃಹಬಳಕೆಯ ದರವನ್ನು ಯೂನಿಟ್‌ಗೆ 5.90 ರೂಪಾಯಿಯಿಂದ 5.80ಕ್ಕೆ ಇಳಿಸಿತು. ಅದರೊಡನೆ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿ ನಿಮಿತ್ತ ಯೂನಿಟ್‌ಗೆ 36 ಪೈಸೆ ಸರ್ಚಾರ್ಜ್ ಸೇರಿತು. ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ 120 ರೂಪಾಯಿಯಿಂದ 145ಕ್ಕೆ ಏರಿತು. 4 ಕಿಲೋವ್ಯಾಟ್ ಲೋಡ್ ಹೊಂದಿ ತಿಂಗಳಿಗೆ 300 ಯೂನಿಟ್ ಬಳಸುವ ಮನೆಗೆ ದರ ಇಳಿಕೆಯಿಂದ 30 ರೂಪಾಯಿ ಉಳಿದರೆ, ಸರ್ಚಾರ್ಜ್‌ನಿಂದ 108 ಮತ್ತು ನಿಗದಿತ ಶುಲ್ಕದಿಂದ 100 ರೂಪಾಯಿ ಹೆಚ್ಚಿತು. ದರ ಇಳಿದ ಸುದ್ದಿಯ ಬೆನ್ನಿಗೇ ತಿಂಗಳ ಬಿಲ್ಲು 178 ರೂಪಾಯಿ ಏರಿತೆಂದಾಯಿತು. ಇದರಲ್ಲಿ 100 ರೂಪಾಯಿಯ ಹೊರೆಯನ್ನು ಎಷ್ಟು ದೊಡ್ಡ ಸೌರಘಟಕವೂ ನೀಗಿಸಲಾರದು.

ಗೃಹಜ್ಯೋತಿ ಯೋಜನೆಯ ಫಲಾನುಭವಿಗಳ ಲೆಕ್ಕ ಬೇರೆಯೇ ಆಗಿದೆ. 2023ರ ಜುಲೈ ಬಳಕೆಯಿಂದ ಜಾರಿಗೆ ಬಂದ ಈ ಯೋಜನೆಯಲ್ಲಿ 2022-23ನೇ ಸಾಲಿನ ಸರಾಸರಿ ಬಳಕೆಗೆ ಶೇಕಡಾ 10 ಸೇರಿಸಿ, 200 ಯೂನಿಟ್ ಮಿತಿಯೊಳಗೆ ಉಚಿತ ಪ್ರಮಾಣವನ್ನು ಗೊತ್ತುಪಡಿಸಲಾಯಿತು. ಶೂನ್ಯ ಬಿಲ್ಲು ಬರುವ ಮನೆಯಲ್ಲಿ ಸೌರಫಲಕ ಉಳಿಸುವ ಹಣ ನಗಣ್ಯ. ಇಂತಹ ಕುಟುಂಬ ಸಾಲ ಮಾಡಿ ಘಟಕ ಹಾಕಿಸುವುದು ವಿವೇಕವೆನಿಸದು. ಸೌರವಿದ್ಯುತ್ತಿನ ಪೂರ್ಣ ಪ್ರಯೋಜನ ದೊರೆಯುವುದು ಉಚಿತ ಮಿತಿಯ ಹೊರಗಿದ್ದು ಎಲ್ಲ ಯೂನಿಟ್‌ಗಳಿಗೂ ಹಣ ತೆರುವ ಮನೆಗಳಿಗೆ.

ಸಹಾಯಧನದ ವಿವರ

2024ರ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಮುಫ್ತ್ ಬಿಜಲಿ ಯೋಜನೆಗೆ ಕೇಂದ್ರ ಸಚಿವ ಸಂಪುಟ 75,021 ಕೋಟಿ ರೂಪಾಯಿ ಮಂಜೂರು ಮಾಡಿತು. ಒಂದು ಕೋಟಿ ಮನೆಗಳನ್ನು ತಲುಪುವುದು ಇದರ ಗುರಿ. ಅವಧಿ 2026-27ನೇ ಆರ್ಥಿಕ ವರ್ಷದವರೆಗೆ. ಮೊದಲ 2 ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟ್‌ಗೆ 30,000 ರೂಪಾಯಿ, ಮೂರನೆಯ ಕಿಲೋವ್ಯಾಟ್‌ಗೆ 18,000 ರೂಪಾಯಿ ಸಹಾಯಧನವಿದೆ. ಒಟ್ಟು ಮಿತಿ 78,000 ರೂಪಾಯಿ. ವಸತಿ ಸಮುಚ್ಚಯಗಳ ಸಾಮಾನ್ಯ ಸೌಲಭ್ಯಗಳಿಗೆ ಕಿಲೋವ್ಯಾಟ್‌ಗೆ 18,000 ರೂಪಾಯಿ ದೊರೆಯುತ್ತದೆ. ಭಾರತದಲ್ಲಿ ತಯಾರಾದ ಕೋಶ ಮತ್ತು ಫಲಕಗಳನ್ನೇ ಬಳಸಬೇಕೆಂಬುದು ಕಡ್ಡಾಯ. 2025ರ ಸೆಪ್ಟೆಂಬರ್ 22ರಿಂದ ಸೌರ ಉಪಕರಣಗಳ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿರುವುದೂ ಗ್ರಾಹಕರಿಗೆ ಅನುಕೂಲವಾಗಿದೆ.

ಸಹಾಯಧನದ ರಚನೆಯಲ್ಲಿಯೇ ಒಂದು ಸೂಚನೆ ಅಡಗಿದೆ. ಮೊದಲ ಎರಡು ಕಿಲೋವ್ಯಾಟ್‌ಗಳಿಗೆ ನೆರವು ಉದಾರ, ಮೂರನೆಯದಕ್ಕೆ ಕಡಿಮೆ, ಅದಕ್ಕೂ ಮೇಲಿನದಕ್ಕೆ ಏನೂ ಇಲ್ಲ. ಗಾತ್ರ ದೊಡ್ಡದಾದಷ್ಟೂ ಗ್ರಾಹಕನ ಸ್ವಂತ ಹಣದ ಪಾಲು ಹೆಚ್ಚುತ್ತದೆ.

ಗಾತ್ರದ ನಿರ್ಧಾರ: ಎರಡು ದಾರಿಗಳ ಹೋಲಿಕೆ

ತಿಂಗಳಿಗೆ 300 ಯೂನಿಟ್, ಎಂದರೆ ವರ್ಷಕ್ಕೆ 3,600 ಯೂನಿಟ್ ಬಳಸುವ ನಾಲ್ಕು ಜನರ ಕುಟುಂಬವೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಲೆಕ್ಕದ ಅನುಕೂಲಕ್ಕಾಗಿ ತೆರಿಗೆ ಮತ್ತು ಸರ್ಚಾರ್ಜ್ ಸೇರಿ ಯೂನಿಟ್‌ನ ಬೆಲೆ 6.50 ರೂಪಾಯಿ, ಹೆಚ್ಚುವರಿ ವಿದ್ಯುತ್ತನ್ನು ಕಂಪನಿಗೆ ಮಾರಿದಾಗ ಸಿಗುವ ಬೆಲೆ 2.50 ರೂಪಾಯಿ ಎಂದು ಭಾವಿಸಲಾಗಿದೆ. ಘಟಕದ ಬೆಲೆಗಳೂ ಅಂದಾಜಿನವು. ಓದುಗರು ತಮಗೆ ದೊರೆತ ದರಪಟ್ಟಿಯ ಅಂಕಿಗಳನ್ನು ಈ ಸ್ಥಾನಗಳಲ್ಲಿ ಇಟ್ಟು ನೋಡಬಹುದು.

ಮೊದಲನೆಯ ದಾರಿಯಲ್ಲಿ ಕುಟುಂಬ ನೇರವಾಗಿ 3 ಕಿಲೋವ್ಯಾಟ್ ಘಟಕ ಹಾಕಿಸುತ್ತದೆ. ಬೆಲೆ 1,80,000 ರೂಪಾಯಿ. ಸಹಾಯಧನ 78,000 ಕಳೆದರೆ ಉಳಿಯುವ ಖರ್ಚು 1,02,000. ಉತ್ಪಾದನೆ ವರ್ಷಕ್ಕೆ 4,200 ಯೂನಿಟ್. ಅದರಲ್ಲಿ 3,600 ಯೂನಿಟ್ ಬಿಲ್ಲಿಗೆ ವಜಾ ಆಗಿ 23,400 ರೂಪಾಯಿ ಉಳಿಯುತ್ತದೆ. ಮಿಕ್ಕ 600 ಯೂನಿಟ್ ಮಾರಿದರೆ 1,500 ರೂಪಾಯಿ. ಒಟ್ಟು 24,900. ಹಾಕಿದ ಹಣ ನಾಲ್ಕು ವರ್ಷಕ್ಕೆ ಸ್ವಲ್ಪ ಮೇಲ್ಪಟ್ಟು ಹಿಂದಿರುಗುತ್ತದೆ.

ಎರಡನೆಯ ದಾರಿಯಲ್ಲಿ ಕುಟುಂಬ ಮೊದಲು ಬಳಕೆಯನ್ನು ತಗ್ಗಿಸುತ್ತದೆ. 100 ಲೀಟರ್ ನೀರನ್ನು 35 ಡಿಗ್ರಿಯಷ್ಟು ಬಿಸಿಮಾಡಲು ಗೀಸರ್‌ಗೆ ಸುಮಾರು 4 ಯೂನಿಟ್ ಬೇಕು. ಸೌರ ಜಲತಾಪಕ ವರ್ಷದಲ್ಲಿ 225 ದಿನ ಆ ಕೆಲಸ ಮಾಡಿದರೂ 900 ಯೂನಿಟ್ ಉಳಿಯುತ್ತದೆ. 75 ವ್ಯಾಟ್‌ನ ಮೂರು ಹಳೆಯ ಫ್ಯಾನುಗಳ ಬದಲು 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನುಗಳನ್ನು ಹಾಕಿದರೆ, ದಿನಕ್ಕೆ 8 ಗಂಟೆಯಂತೆ ಒಂಬತ್ತು ತಿಂಗಳಲ್ಲಿ ಸುಮಾರು 300 ಯೂನಿಟ್ ಉಳಿಯುತ್ತದೆ. ಬಳಕೆ 2,400 ಯೂನಿಟ್‌ಗೆ ಇಳಿಯಿತು. ಇದಕ್ಕೆ 2 ಕಿಲೋವ್ಯಾಟ್ ಘಟಕ ಸಾಕು. ಅದರ ಬೆಲೆ 1,30,000; ಸಹಾಯಧನ 60,000 ಕಳೆದು 70,000 ರೂಪಾಯಿ. ಜಲತಾಪಕಕ್ಕೆ 25,000, ಫ್ಯಾನುಗಳಿಗೆ 9,000 ಸೇರಿ ಒಟ್ಟು ಖರ್ಚು 1,04,000. ಉಳಿತಾಯ 23,400 ರೂಪಾಯಿ. ಹೆಚ್ಚುವರಿ 400 ಯೂನಿಟ್ ಮಾರಾಟದಿಂದ 1,000. ಒಟ್ಟು 24,400.

ಎರಡೂ ದಾರಿಗಳ ಖರ್ಚು ಮತ್ತು ಆದಾಯ ಹೆಚ್ಚು ಕಡಿಮೆ ಸಮ. ಆದರೆ ಎರಡು ಕಿಲೋವ್ಯಾಟ್‌ನ ಗೀಸರ್ ಕೆಲಸ ಬಹುಪಾಲು ನಿಂತ ಮೇಲೆ ಎರಡನೆಯ ಕುಟುಂಬ ಮಂಜೂರಾದ ಲೋಡ್ ಅನ್ನು 4ರಿಂದ 3 ಕಿಲೋವ್ಯಾಟ್‌ಗೆ ಇಳಿಸಲು ಅರ್ಜಿ ಸಲ್ಲಿಸಬಹುದು. ಮೀಟರ್ ದಾಖಲಿಸುವ ಗರಿಷ್ಠ ಬೇಡಿಕೆ ಹೊಸ ಮಿತಿಯೊಳಗೆ ಉಳಿಯುತ್ತದೆಂದು ಖಚಿತಪಡಿಸಿಕೊಂಡು ಹೀಗೆ ಮಾಡಿದರೆ, ನಿಗದಿತ ಶುಲ್ಕದಲ್ಲಿ ವರ್ಷಕ್ಕೆ 1,740 ರೂಪಾಯಿ ಉಳಿಯುತ್ತದೆ. ಸೌರಫಲಕ ಮುಟ್ಟಲಾರದ ಶುಲ್ಕವನ್ನು ಮಿತಬಳಕೆ ಮುಟ್ಟಿತು. ತಾರಸಿಯಲ್ಲಿ 100 ಚದರ ಅಡಿ ಜಾಗವೂ ಉಳಿಯಿತು. ಅದರ ಒಂದಂಶದಲ್ಲಿ ಜಲತಾಪಕ ಕೂರುತ್ತದೆ.

ಇದಕ್ಕಿಂತ ದೊಡ್ಡ ವ್ಯತ್ಯಾಸವೊಂದಿದೆ. ಮೊದಲನೆಯ ಕುಟುಂಬ ಬೆಳಗಿನ ಆರು ಗಂಟೆಗೆ ಗೀಸರ್ ಹಾಕುವಾಗ ಜಾಲದ ವಿದ್ಯುತ್ತನ್ನೇ ಪಡೆಯುತ್ತದೆ. ಮಧ್ಯಾಹ್ನದ ತನ್ನ ಉತ್ಪಾದನೆಯನ್ನು ಜಾಲಕ್ಕೆ ಜಮಾ ಮಾಡಿ, ಮರುದಿನ ಬೆಳಿಗ್ಗೆ ಹಿಂತೆಗೆದುಕೊಳ್ಳುತ್ತದೆ. ಈ ಜಮಾಖರ್ಚು ಸಮಬೆಲೆಯಲ್ಲಿ ನಡೆಯುವವರೆಗೆ ತೊಂದರೆಯಿಲ್ಲ. ಎರಡನೆಯ ಕುಟುಂಬದ ಬಿಸಿಲು ನೀರಿನ ತೊಟ್ಟಿಯಲ್ಲಿಯೇ ಜಮೆಯಾಗಿದೆ. ಅದರ ಮೇಲೆ ಯಾವ ದರ ಪರಿಷ್ಕರಣೆಯ ಪರಿಣಾಮವೂ ಆಗದು.

ಮಾರುವ ದರ ಇಳಿದ ಬಗೆ

ಜಾಲಕ್ಕೆ ಕೊಡುವ ವಿದ್ಯುತ್ತಿನ ಬೆಲೆ ಎಲ್ಲೆಡೆ ಇಳಿಯುತ್ತ ಬಂದಿದೆ. ಕರ್ನಾಟಕದಲ್ಲಿ 2013ರಲ್ಲಿ ಆಯೋಗ ಸಹಾಯಧನವಿಲ್ಲದ ತಾರಸಿ ಘಟಕಗಳಿಗೆ ಯೂನಿಟ್‌ಗೆ 9.56 ರೂಪಾಯಿ ಗೊತ್ತುಮಾಡಿತ್ತು. ಫಲಕಗಳ ಬೆಲೆ ಕುಸಿದಂತೆ ಹೊಸ ಗ್ರಾಹಕರಿಗೆ ಆ ದರವನ್ನು ಹಂತಹಂತವಾಗಿ ತಗ್ಗಿಸಲಾಯಿತು. ಒಂದು ಕಾಲದಲ್ಲಿ ಗೃಹಬಳಕೆಯ ದರಕ್ಕಿಂತ ಮೇಲಿದ್ದ ಮಾರಾಟ ದರ ನಂತರದ ವರ್ಷಗಳಲ್ಲಿ ಅದಕ್ಕಿಂತ ಕೆಳಗಿಳಿಯಿತು. ಫಲಕ ಹಾಕಿಸಿ ಕಂಪನಿಗೆ ಮಾರಿ ಲಾಭ ಗಳಿಸುವ ಕಾಲ ಹೀಗೆ ಮುಗಿಯಿತು.

ಜರ್ಮನಿಯಲ್ಲಿ 2000ದ ಕಾನೂನಿನನ್ವಯ ಸೌರವಿದ್ಯುತ್ತಿಗೆ ಯೂನಿಟ್‌ಗೆ ಸುಮಾರು 50 ಯೂರೋ ಸೆಂಟ್ ದೊರೆಯುತ್ತಿತ್ತು. ಈಚಿನ ವರ್ಷಗಳಲ್ಲಿ ಸಣ್ಣ ಘಟಕಗಳಿಗೆ ಅದು 8 ಸೆಂಟ್‌ನ ಆಸುಪಾಸಿಗೆ ಬಂದಿತು. ಇನ್ನೊಂದೆಡೆ, 2022ರಲ್ಲಿ ಉಕ್ರೇನ್ ಯುದ್ಧ ಆರಂಭವಾಗಿ ಅನಿಲದ ಬೆಲೆ ಏರಿದಾಗ ಕೊಳ್ಳುವ ವಿದ್ಯುತ್ತಿನ ಬೆಲೆ ಮಾರುವ ಬೆಲೆಯ ಹಲವು ಪಟ್ಟಾಯಿತು. 2025ರ ಫೆಬ್ರವರಿಯಿಂದ ಅಲ್ಲಿ ಹೊಸ ಘಟಕಗಳಿಗೆ, ಸಗಟು ಮಾರುಕಟ್ಟೆಯ ಬೆಲೆ ಶೂನ್ಯಕ್ಕಿಂತ ಕೆಳಗಿಳಿದ ಹೊತ್ತಿನ ವಿದ್ಯುತ್ತಿಗೆ ಹಣವನ್ನೇ ಕೊಡದ ನಿಯಮ ಬಂದಿತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2023ರ ಏಪ್ರಿಲ್‌ನಿಂದ ಹೊಸ ಗ್ರಾಹಕರಿಗೆ ಸಮಬೆಲೆಯ ಜಮಾಖರ್ಚನ್ನು ನಿಲ್ಲಿಸಿದಾಗ, ಹೊರಗೆ ಕಳುಹಿಸಿದ ಯೂನಿಟ್‌ನ ಸರಾಸರಿ ಮೌಲ್ಯ ಸುಮಾರು ಮುಕ್ಕಾಲು ಪಾಲು ಕುಸಿಯಿತು.

ಇದರ ಕಾರಣ ಸರಳವಾದುದು. ಎಲ್ಲರ ಫಲಕಗಳೂ ಮಧ್ಯಾಹ್ನವೇ ವಿದ್ಯುತ್ ಕೊಡುತ್ತವೆ. ಬೇಡಿಕೆ ಹೆಚ್ಚುವುದು ಸಂಜೆ. ಪಾವಗಡದಲ್ಲಿ 2,050 ಮೆಗಾವ್ಯಾಟ್‌ನ ಸೌರ ಉದ್ಯಾನವನ್ನು ಹೊಂದಿರುವ ಕರ್ನಾಟಕಕ್ಕೂ ಈ ಸಮಸ್ಯೆ ಹೊರತಲ್ಲ. ಸುಗ್ಗಿಯ ಹೊತ್ತಿನಲ್ಲಿ ಮಂಡಿಗೆ ಬಂದ ಮಾಲಿನ ಬೆಲೆ ಇಳಿಯುವ ನಿಯಮವೇ ಇಲ್ಲಿಯೂ ಅನ್ವಯಿಸುತ್ತದೆ.

ಬಿಸಿಲಿನ ಹೊತ್ತಿನ ಬಳಕೆ

ಕೇಂದ್ರ ಸರ್ಕಾರ 2023ರ ಜೂನ್‌ನಲ್ಲಿ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳನ್ನು ತಿದ್ದುಪಡಿ ಮಾಡಿತು. ಅದರಂತೆ ಬಿಸಿಲಿನ ಹೊತ್ತಿನ ದರ ಸಾಮಾನ್ಯ ದರಕ್ಕಿಂತ ಶೇಕಡಾ 10ರಿಂದ 20ರಷ್ಟು ಕಡಿಮೆ ಇರಬೇಕು. ಗರಿಷ್ಠ ಬೇಡಿಕೆಯ ಹೊತ್ತಿನ ದರ ಶೇಕಡಾ 10ರಿಂದ 20ರಷ್ಟು ಹೆಚ್ಚಿರಬೇಕು. 10 ಕಿಲೋವ್ಯಾಟ್‌ಗೆ ಮೇಲ್ಪಟ್ಟ ವಾಣಿಜ್ಯ ಮತ್ತು ಕೈಗಾರಿಕಾ ಗ್ರಾಹಕರಿಗೆ 2024ರ ಏಪ್ರಿಲ್‌ನಿಂದ, ಕೃಷಿಯನ್ನು ಬಿಟ್ಟು ಉಳಿದವರಿಗೆ 2025ರ ಏಪ್ರಿಲ್‌ನಿಂದ ಈ ಪದ್ಧತಿಯನ್ನು ತರಬೇಕೆಂದು ನಿಯಮಗಳು ಹೇಳಿದವು. ಇದಕ್ಕೆ ಸ್ಮಾರ್ಟ್ ಮೀಟರ್ ಅಗತ್ಯ. ಮನೆಮನೆಗೂ ಈ ಪದ್ಧತಿ ಬಂದಾಗ ಮಧ್ಯಾಹ್ನ ಜಾಲಕ್ಕೆ ಕೊಟ್ಟ ಯೂನಿಟ್ ಅಗ್ಗ, ಸಂಜೆ ಪಡೆದ ಯೂನಿಟ್ ದುಬಾರಿ ಆಗುತ್ತದೆ. ಹಗಲಿನ ಬಳಕೆಯ ಅಭ್ಯಾಸವನ್ನು ಈಗಲೇ ರೂಢಿಸಿಕೊಂಡ ಮನೆಗೆ ಆ ಬದಲಾವಣೆ ಹೊರೆಯಾಗದು.

ಮೇಲಿನ ಉದಾಹರಣೆಯ ಹೆಚ್ಚುವರಿ 400 ಯೂನಿಟ್‌ಗಳನ್ನೇ ನೋಡಬಹುದು. ಮಾರಿದರೆ ಸಿಗುವುದು 1,000 ರೂಪಾಯಿ. 14.2 ಕಿಲೋ ಅನಿಲದ ಸಿಲಿಂಡರ್ ಮಾಡುವ ಅಡುಗೆಯನ್ನು ಇಂಡಕ್ಷನ್ ಒಲೆಯಲ್ಲಿ ಮಾಡಲು, ಎರಡೂ ಒಲೆಗಳ ದಕ್ಷತೆಯನ್ನು ಪರಿಗಣಿಸಿದರೆ, ಸುಮಾರು 130 ಯೂನಿಟ್ ಬೇಕಾಗುತ್ತದೆ. ಹೀಗಾಗಿ 400 ಯೂನಿಟ್ ಮೂರು ಸಿಲಿಂಡರ್‌ಗಳಿಗೆ ಸಮ. 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿದ್ದ ಸುಮಾರು 855 ರೂಪಾಯಿ ದರದಲ್ಲಿ ಅದರ ಮೌಲ್ಯ 2,500 ರೂಪಾಯಿಗೂ ಹೆಚ್ಚು. ಮಧ್ಯಾಹ್ನದ ಅನ್ನ, ಸಾರು, ಬೇಳೆ ಬೇಯಿಸುವುದನ್ನು ಬಿಸಿಲಿನ ಹೊತ್ತಿಗೆ ಒಗ್ಗಿಸಿಕೊಂಡರೆ ಅದೇ ಯೂನಿಟ್‌ನ ಬೆಲೆ ಎರಡೂವರೆ ಪಟ್ಟಾಗುತ್ತದೆ.

ವಿದ್ಯುತ್ ಸ್ಕೂಟರ್‌ನ ಲೆಕ್ಕ ಇನ್ನೂ ಆಕರ್ಷಕ. ಸುಮಾರು 3 ಯೂನಿಟ್‌ನಲ್ಲಿ ಅದು 90 ಕಿಲೋಮೀಟರ್‌ನಷ್ಟು ಓಡುತ್ತದೆ; ಲೀಟರಿಗೆ 45 ಕಿಲೋಮೀಟರ್ ಕೊಡುವ ಪೆಟ್ರೋಲ್ ಸ್ಕೂಟರ್‌ಗೆ ಅಷ್ಟೇ ದೂರಕ್ಕೆ 200 ರೂಪಾಯಿಯ ಪೆಟ್ರೋಲ್ ಬೇಕು. ಆದರೆ ಹಗಲಿಡೀ ಕಚೇರಿಯ ಬಳಿ ನಿಲ್ಲುವ ವಾಹನ ಮನೆಯ ಬಿಸಿಲನ್ನು ಬಳಸಲಾರದು. ಮನೆಯಲ್ಲಿಯೇ ಅಥವಾ ಮನೆಗೆ ಹೊಂದಿದ ಅಂಗಡಿಯಲ್ಲಿ ಹಗಲು ಕಳೆಯುವವರಿಗೆ ಈ ಅನುಕೂಲ ಸಹಜವಾಗಿ ದೊರೆಯುತ್ತದೆ. ನೀರೆತ್ತುವ ಪಂಪು, ಬಟ್ಟೆ ಒಗೆಯುವ ಯಂತ್ರ, ಇಸ್ತ್ರಿ, ರುಬ್ಬುವ ಯಂತ್ರ ಇವುಗಳನ್ನು ಬೆಳಿಗ್ಗೆ ಹತ್ತರಿಂದ ಮೂರು ಗಂಟೆಯ ನಡುವೆ, ಒಂದಾದ ಮೇಲೊಂದರಂತೆ ನಡೆಸುವುದು ಲೇಸು. ಎಲ್ಲವನ್ನೂ ಒಟ್ಟಿಗೆ ಹಾಕಿದರೆ ಫಲಕದ ಶಕ್ತಿ ಸಾಲದೆ ಜಾಲದ ವಿದ್ಯುತ್ತೂ ಸೇರಿಕೊಳ್ಳುತ್ತದೆ.

ಬ್ಯಾಟರಿ ಬೇಕೆ?

ಜಾಲಕ್ಕೆ ಜೋಡಿಸಿದ ಸಾಮಾನ್ಯ ಸೌರಘಟಕ ವಿದ್ಯುತ್ ಕಡಿತದ ವೇಳೆ ತಾನೂ ನಿಲ್ಲುತ್ತದೆ. ದುರಸ್ತಿಯಲ್ಲಿ ತೊಡಗಿದ ಲೈನ್‌ಮನ್‌ಗಳ ಪ್ರಾಣರಕ್ಷಣೆಗಾಗಿ ಇನ್ವರ್ಟರ್‌ನಲ್ಲಿ ಈ ವ್ಯವಸ್ಥೆ ಇರುತ್ತದೆ. ಇದನ್ನು ತಿಳಿಯದೆ ಘಟಕ ಹಾಕಿಸಿದವರು, ಉರಿಬಿಸಿಲಿನಲ್ಲಿ ಮನೆ ಕತ್ತಲಾದಾಗ ಮೋಸಹೋದೆವೆಂದು ಭಾವಿಸುವುದುಂಟು. ಕಡಿತದ ವೇಳೆಯೂ ವಿದ್ಯುತ್ ಬೇಕಾದರೆ ಬ್ಯಾಟರಿ ಸಹಿತವಾದ ಹೈಬ್ರಿಡ್ ಇನ್ವರ್ಟರ್ ಬೇಕು.

ಅದರ ಲೆಕ್ಕ ಹೀಗಿದೆ. 5 ಯೂನಿಟ್ ಸಂಗ್ರಹಿಸುವ ಲಿಥಿಯಂ ಬ್ಯಾಟರಿಗೆ 1,00,000 ರೂಪಾಯಿ, ಅದರ ಆಯುಷ್ಯ 4,000 ಆವರ್ತನ ಎಂದು ಭಾವಿಸಿದರೆ, ಅದು ಒಟ್ಟು 20,000 ಯೂನಿಟ್ ದಾಸ್ತಾನು ಮಾಡುತ್ತದೆ. ದಾಸ್ತಾನಿನ ಬಾಡಿಗೆಯೇ ಯೂನಿಟ್‌ಗೆ 5 ರೂಪಾಯಿ. ಜಾಲವು ಇದೇ ಕೆಲಸವನ್ನು ಸಮಬೆಲೆಯ ಜಮಾಖರ್ಚಿನಲ್ಲಿ ಮಾಡಿಕೊಡುವವರೆಗೆ ಬಿಲ್ಲು ಉಳಿಸುವ ದೃಷ್ಟಿಯಿಂದ ಬ್ಯಾಟರಿ ಲಾಭಕರವಲ್ಲ. ಡೀಸೆಲ್ ಜನರೇಟರ್ ಓಡಿಸುವವರ ವಿಷಯ ಬೇರೆ. ಒಂದು ಲೀಟರ್ ಡೀಸೆಲ್‌ನಿಂದ ಸಣ್ಣ ಜನರೇಟರ್ 3 ಯೂನಿಟ್‌ನಷ್ಟು ಕೊಡುವುದರಿಂದ ಲೀಟರಿಗೆ 90 ರೂಪಾಯಿಯಂತೆ ಯೂನಿಟ್‌ನ ಬೆಲೆ 30 ರೂಪಾಯಿ. ಅದರ ಎದುರು ಬ್ಯಾಟರಿ ಅಗ್ಗವೇ ಸರಿ.

ಕೆಳಗೆ ಅಂಗಡಿ, ಮೇಲೆ ಮನೆ

ನಮ್ಮ ಪೇಟೆಬೀದಿಗಳಲ್ಲಿ ಕೆಳಗೆ ಅಂಗಡಿ, ಮೇಲೆ ವಾಸದ ಮನೆ ಇರುವ ಕಟ್ಟಡಗಳು ಸಾಮಾನ್ಯ. ಇಂತಹ ಕಡೆ ಎರಡು ಮೀಟರ್‌ಗಳಿರುತ್ತವೆ, ಎರಡು ದರಗಳಿರುತ್ತವೆ. ಕೇಂದ್ರದ ಸಹಾಯಧನ ವಾಸದ ಮನೆಗೆ ಮಾತ್ರ ಸಲ್ಲುತ್ತದೆ. ವಾಣಿಜ್ಯ ಸಂಪರ್ಕಕ್ಕೆ ಸಹಾಯಧನವಿಲ್ಲ. ಆದರೆ ಅದರ ಯೂನಿಟ್ ದರ ಗೃಹಬಳಕೆಗಿಂತ ಹೆಚ್ಚು, ಬಳಕೆಯೂ ಹಗಲಿನಲ್ಲಿಯೇ. ಮನೆ ಗೃಹಜ್ಯೋತಿಯ ಮಿತಿಯಲ್ಲಿದ್ದರೆ, ಸಹಾಯಧನವಿಲ್ಲದಿದ್ದರೂ ಅಂಗಡಿಯ ಮೀಟರ್‌ಗೆ ಘಟಕ ಜೋಡಿಸುವುದು ಹೆಚ್ಚು ಲಾಭ ತಂದೀತು. ಮನೆಯ ಸಂಪರ್ಕದಿಂದ ಅಂಗಡಿಗೆ ತಂತಿ ಎಳೆಯುವುದು ನಿಯಮಬಾಹಿರ, ದಂಡಕ್ಕೆ ಗುರಿಯಾಗಬೇಕಾದೀತು.

ಒಪ್ಪಂದಕ್ಕೆ ಮುನ್ನ

ಘಟಕದ ಯಶಸ್ಸು ತಾರಸಿಯ ಆಯ್ಕೆಯಲ್ಲಿದೆ. ಫಲಕಗಳನ್ನು ಸರಣಿಯಾಗಿ ಜೋಡಿಸುವುದರಿಂದ ಒಂದರ ಮೇಲೆ ಬಿದ್ದ ನೆರಳು ಇಡೀ ಸಾಲಿನ ಇಳುವರಿಯನ್ನು ತಗ್ಗಿಸಬಲ್ಲದು. ನೀರಿನ ತೊಟ್ಟಿ, ತೆಂಗಿನ ಮರ, ಕೇಬಲ್ ಕಂಬ ಇವುಗಳ ನೆರಳನ್ನು ಬೇಸಿಗೆಯಲ್ಲಿ ಮಾತ್ರವಲ್ಲದೆ, ಸೂರ್ಯ ದಕ್ಷಿಣಕ್ಕೆ ವಾಲುವ ಡಿಸೆಂಬರ್‌ನಲ್ಲಿಯೂ ಪರೀಕ್ಷಿಸಬೇಕು. ಪಕ್ಕದ ಖಾಲಿ ನಿವೇಶನದಲ್ಲಿ ಮುಂದೆ ಮೂರಂತಸ್ತು ಎದ್ದರೆ ಗತಿಯೇನೆಂಬುದನ್ನೂ ಯೋಚಿಸಬೇಕು. ಬೆಂಗಳೂರಿನ ಅಕ್ಷಾಂಶ ಸುಮಾರು 13 ಡಿಗ್ರಿ ಆದುದರಿಂದ ದಕ್ಷಿಣಕ್ಕೆ 10ರಿಂದ 15 ಡಿಗ್ರಿ ಓರೆ ಇದ್ದರೆ ಸಾಕು. ಧೂಳು ಒರೆಸಲು ಮುಂಜಾನೆಯ ತಂಪು ಹೊತ್ತು ಸೂಕ್ತ. ಕಾದ ಗಾಜಿನ ಮೇಲೆ ತಣ್ಣೀರು ಸುರಿಯಬಾರದು. ಗಡಸು ನೀರು ಬಿಳಿಯ ಕಲೆ ಉಳಿಸುತ್ತದೆ.

ಕೇಂದ್ರದ ಯೋಜನೆಯಲ್ಲಿ ಸರಬರಾಜುದಾರ ಐದು ವರ್ಷ ನಿರ್ವಹಣೆಯ ಹೊಣೆ ಹೊರಬೇಕು. 2024ರ ಫೆಬ್ರವರಿಯ ತಿದ್ದುಪಡಿಯಂತೆ 10 ಕಿಲೋವ್ಯಾಟ್‌ವರೆಗಿನ ಘಟಕಗಳಿಗೆ ತಾಂತ್ರಿಕ ಸಾಧ್ಯತೆಯ ಪರಿಶೀಲನೆ ಅಗತ್ಯವಿಲ್ಲ. ಫಲಕಕ್ಕೆ 25 ವರ್ಷದ ಭರವಸೆ ಇದ್ದರೂ ಇನ್ವರ್ಟರ್‌ನ ಭರವಸೆ ಅಷ್ಟು ದೀರ್ಘವಲ್ಲ. ಒಮ್ಮೆಯಾದರೂ ಅದನ್ನು ಬದಲಿಸುವ ಖರ್ಚನ್ನು ಮೊದಲೇ ತೆಗೆದಿರಿಸುವುದು ಒಳಿತು.

ಸಾರಾಂಶ

ಈ ಅಧ್ಯಯನದಿಂದ ಹೊರಡುವ ಕ್ರಮ ಹೀಗಿದೆ. ಹನ್ನೆರಡು ತಿಂಗಳ ಬಿಲ್ಲುಗಳನ್ನು ಮುಂದಿಟ್ಟುಕೊಂಡು ವಾರ್ಷಿಕ ಬಳಕೆಯನ್ನು ಗುರುತಿಸಬೇಕು. ನೀರು ಕಾಯಿಸುವುದು ಮತ್ತು ಫ್ಯಾನಿನಂತಹ ನಿತ್ಯದ ಬಳಕೆಯಲ್ಲಿ ಉಳಿಸಬಹುದಾದುದನ್ನು ಮೊದಲು ಉಳಿಸಬೇಕು. ಮಿಕ್ಕ ಬಳಕೆಗೆ ತಕ್ಕಷ್ಟೇ ಫಲಕ ಹಾಕಿಸಿ, ಮಂಜೂರಾದ ಲೋಡ್ ಅನ್ನು ಮರುಪರಿಶೀಲಿಸಬೇಕು. ಹೆಚ್ಚುವರಿ ಯೂನಿಟ್‌ಗಳಿಂದ ಅನಿಲ ಮತ್ತು ಪೆಟ್ರೋಲ್‌ನ ಖರ್ಚನ್ನು ತಗ್ಗಿಸುವ ದಾರಿ ಹುಡುಕಬೇಕು. ಜಾಲಕ್ಕೆ ಕೊಟ್ಟ ಯೂನಿಟ್‌ನ ಬೆಲೆಯನ್ನು ಆಯೋಗವೂ ಮಾರುಕಟ್ಟೆಯೂ ನಿರ್ಧರಿಸುತ್ತವೆ. ಮನೆಯಲ್ಲಿಯೇ ಬಳಸಿದ ಯೂನಿಟ್ ಮಾತ್ರ, ಹೊರಗಿನ ಇಂಧನದ ಬೆಲೆ ಏರಿದಷ್ಟೂ ಮನೆಯವರಿಗೆ ಹೆಚ್ಚು ಉಳಿತಾಯ ತರುತ್ತದೆ.